ಪಾರ್ಸಲ್ ಇಲ್ಲ

ಕುವೈತಿನ ಒಂದು ದೊಡ್ಡ ಮನೆಯಲ್ಲಿ ಕೆಲವು ವರ್ಷ ಅಡುಗೆ ಮಾಡಿಕೊಂಡಿದ್ದೆ. ಊರಿಗೆ ಬಂದ ಮೇಲೆ ಎಲ್ಲರೂ ಕೇಳುವುದು ಅಲ್ಲಿ ಬಂಗಾರ ಅಗ್ಗವೇ, ಬಿಸಿಲು ಎಷ್ಟು ಅಂತ. ನಾನು ಬಿಸಿಲು ಕಂಡದ್ದೆಲ್ಲಿ? ಅಡುಗೆಮನೆ ಬಿಟ್ಟು ಹೊರಗೆ ಬಂದಿದ್ದರೆ ತಾನೇ!

ನಮ್ಮೂರು ಆಡೂರಿನ ಹತ್ತಿರ. ನಮ್ಮ ಓಣಿ ಊರಿಂದ ಸ್ವಲ್ಪ ಆಚೆ. ಅವ್ವ ಊರವರ ಗದ್ದೆಗಳಲ್ಲಿ ಭತ್ತ ನಾಟಿ ಮಾಡಿದವಳು. ಆ ಭತ್ತದ ಅಕ್ಕಿ ಎಲ್ಲರಿಗೂ ನಡೆಯುತ್ತಿತ್ತು, ಅವಳು ಬೇಯಿಸಿದ ಅನ್ನ ಯಾರಿಗೂ ನಡೆಯುತ್ತಿರಲಿಲ್ಲ. ಅಂಥ ಮನೆಯ ಮಗಳು ನಾನು. ಕುವೈತಿನ ಮನೆಯವರು ನಾನು ಮಾಡಿದ್ದನ್ನು ಬೆರಳು ಚೀಪಿ ಉಂಡಾಗ ಒಲೆಯ ಮುಂದೆ ನಿಂತು ಖುಷಿಗೆ ಅತ್ತುಬಿಟ್ಟೆ. ನನ್ನ ಜಾತಿ ಅವರಿಗೆ ಗೊತ್ತೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಆದರೆ ಅವರದೆಲ್ಲ ಮುಗಿದ ಮೇಲೆ ನಾನು ಅಡುಗೆಮನೆಯಲ್ಲಿ ನಿಂತೇ ಉಣ್ಣಬೇಕು. ಬೈಯಲಿಲ್ಲ, ಸಂಬಳ ತಡ ಮಾಡಲಿಲ್ಲ, ಒಳ್ಳೆಯವರೇ. ಕೂತುಕೋ ಎಂದು ಮಾತ್ರ ಒಮ್ಮೆಯೂ ಅನ್ನಲಿಲ್ಲ. ನಮ್ಮ ಕೈ ಬೇಕು, ನಾವು ಬೇಡ ಅನ್ನುವವರು ಎಲ್ಲಾ ಕಡೆ ಇದ್ದಾರೆ ಎಂದು ಅಲ್ಲಿ ತಿಳಿಯಿತು. ಅದಕ್ಕೆ ಅಷ್ಟು ದೂರ ಹೋಗಬೇಕಿತ್ತೇ ಎಂದರೆ, ಹೋಗಬೇಕಿತ್ತು. ಇಲ್ಲೇ ಇದ್ದಿದ್ದರೆ ತಪ್ಪು ನಮ್ಮಲ್ಲೇ ಏನೋ ಇದೆ ಅಂದುಕೊಂಡೇ ಸಾಯುತ್ತಿದ್ದೆ.

ವಾಪಸ್ ಬಂದು ಅಕ್ಕಿಆಲೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣ ಖಾನಾವಳಿ ಹಾಕಿದೆ. ಜೊತೆಗೆ ನನ್ನ ಅಕ್ಕ. ನಾನು ಬೇಯಿಸಿದ್ದನ್ನು ಈ ಸೀಮೆಯವರು ನನ್ನೆದುರಿಗೆ ಕೂತು ಉಣ್ಣಬೇಕು, ಅದೊಂದೇ ಹಟ. ನಡೆಯದಿದ್ದರೆ ಮತ್ತೆ ಕುವೈತಿನ ಹಾದಿ. ಗೋಡೆಗೆ ಬುದ್ಧನ ಫೋಟೋ ಹಾಕಿದ್ದು ನೋಡಿ ಅಕ್ಕ ಹಣೆ ಹಣೆ ಬಡಿದುಕೊಂಡಳು.

"ಬ್ಯಾರೆ ಯಾವ್ದಾರ ದೇವ್ರ ಫೋಟೋ ಹಾಕಬೇ ಹುಚ್ಚಿ. ಇದನ್ನ ನೋಡಿದ್ರ ನಾವು ಯಾವ ಓಣಿಯವ್ರು ಅಂತ ಕೇಳೋದ ಬ್ಯಾಡ."

"ಕೇಳೋ ತ್ರಾಸ ತಪ್ಪಿತಲ್ಲ, ಚಲೋ ಆತು," ಎಂದೆ.

ಶುರುವಿನಲ್ಲಿ ಬಂದವರಲ್ಲಿ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು. ವಯಸ್ಸಾದವರು, ಊರಲ್ಲಿ ಅವರ ಮಾತು ನಡೆಯುತ್ತದೆ. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಹೊಟ್ಟೆತುಂಬ ಉಂಡು, "ಏನ್ ರುಚಿ ಮಾಡೀ ತಂಗಿ!" ಎನ್ನುತ್ತ ಕೈ ತೊಳೆಯಲು ಎದ್ದಾಗ ಫೋಟೋ ಕಂಡಿತು.

"ನಿಮ್ದು ಯಾವ ಓಣಿ?"

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ದುಡ್ಡು ಟೇಬಲ್ ಮೇಲಿಟ್ಟು ಹೋದರು. ಮರುದಿನ ಗಿರಣಿಯ ಹಮಾಲ ಡಬ್ಬಿ ಹಿಡಿದು ಬಂದ. "ಸಾವ್ಕಾರ್ರಿಗೆ ಪಾರ್ಸಲ್ ಬೇಕಂತ್ರಿ."

ಅವರನ್ನು ನೋಡಿ ಇನ್ನುಳಿದವರೂ ಅದೇ ದಾರಿ ಹಿಡಿದರು. ಅಂಗಡಿಯವರದು ಪಾರ್ಸಲ್, ಗೌಡರ ಮನೆಯದು ಪಾರ್ಸಲ್. ಮನೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಉಂಡರೆ ಯಾರಿಗೆ ಗೊತ್ತಾಗಬೇಕು? ಒಳಗಿನ ಟೇಬಲ್ಲುಗಳು ಖಾಲಿ, ಹೊರಗೆ ಡಬ್ಬಿಗಳ ಸಾಲು. ಅಕ್ಕನಿಗೆ ಹಿಗ್ಗೋ ಹಿಗ್ಗು. ನನಗೆ ಮೈಯೆಲ್ಲ ಉರಿ. ಒಂದು ಮುಂಜಾನೆ ರಟ್ಟಿನ ಮೇಲೆ 'ಪಾರ್ಸಲ್ ಇಲ್ಲ' ಎಂದು ಬರೆದು ಬಾಗಿಲಿಗೆ ತೂಗುಹಾಕಿದೆ.

"ಕುಂತ ಉಂಡರೇನು, ಒಯ್ದು ಉಂಡರೇನು? ನಿನಗ್ಯಾಕ ಬೇಕ ಇಲ್ಲದ ಉಸಾಬರಿ?" ಎಂದು ಅಕ್ಕ ಕೂಗಾಡಿದಳು.

"ನಿಂತ ಉಂಡಾಕಿ ನಾನು, ನೀ ಅಲ್ಲ," ಎಂದೆ. ಅವಳು ಎರಡು ದಿನ ಮಾತು ಬಿಟ್ಟಳು.

ವ್ಯಾಪಾರ ಪಾತಾಳ ಕಂಡಿತು. ಬಸ್ಸಿನ ಡ್ರೈವರ್, ಕಂಡಕ್ಟರ್, ಸಂತೆಗೆ ಬಂದ ನಮ್ಮವರು, ಅಷ್ಟೇ. ಮಾಡಿದ ರೊಟ್ಟಿ ಉಳಿದಾಗ ಅಂಜಿಕೆಯಾಗುತ್ತಿತ್ತು. ಕುವೈತಿಗೆ ಕಳಿಸಿದ ಏಜೆಂಟನಿಗೆ ಫೋನ್ ಕೂಡ ಮಾಡಿದೆ.

ಆ ವಾರವೇ ಒಂದು ಮಧ್ಯಾಹ್ನ ಸಾಹುಕಾರರು ತಾವೇ ಬಂದರು. ರಸ್ತೆಯ ಆ ಕಡೆ ಈ ಕಡೆ ನೋಡಿ, ಸರಕ್ಕನೆ ಒಳಬಂದು, ಮೂಲೆಯ ಟೇಬಲ್ಲಿನಲ್ಲಿ ಗೋಡೆಗೆ ಮುಖ ಮಾಡಿ ಕೂತರು. "ಬಾಯಿಗೆ ಬ್ಯಾರೆ ಏನೂ ರುಚಿ ಹತ್ತವಲ್ದು ತಂಗಿ. ಲಗೂನ ಹಚ್ಚು."

ತಾಟು ತಂದು ಬಾಗಿಲ ಹತ್ತಿರದ ಟೇಬಲ್ಲಿನ ಮೇಲೆ ಇಟ್ಟೆ. "ಈ ಕಡೆ ಬರ್ರಿ ಸಾವ್ಕಾರ್ರ, ಇಲ್ಲಿ ಫ್ಯಾನಿನ ಗಾಳಿ ಬರ್ತೈತಿ."

ಅವರು ತಿರುಗಿ ನನ್ನನ್ನೇ ನೋಡಿದರು. "ಭಾಳ ಶಾಣ್ಯಾಕಿ ಇದ್ದಿ ಬಿಡು," ಎಂದು ಗೊಣಗುತ್ತ ಎದ್ದು ಬಂದು, ರಸ್ತೆಗೆ ಮುಖ ಮಾಡಿ ಕೂತು ರೊಟ್ಟಿ ಮುರಿದರು. ನಾನೂ ಒಂದು ತಾಟು ಹಚ್ಚಿಕೊಂಡು ಅವರ ಎದುರಿಗೆ ಕೂತೆ. ಅವರು ಹುಬ್ಬು ಗಂಟಿಕ್ಕಿದರು, ಏಳಲಿಲ್ಲ.

ರಸ್ತೆಯಲ್ಲಿ ಸೈಕಲ್ ಮೇಲೆ ಹೊರಟಿದ್ದ ಒಬ್ಬ ಕಾಲೂರಿ ನಿಂತ. "ಏನ್ರಿ ಸಾವ್ಕಾರ್ರ, ಊಟ ಆತೇನ್ರಿ?"

ಸಾಹುಕಾರರು ಬಾಯಲ್ಲಿದ್ದ ತುತ್ತು ನುಂಗಿದರು. "ಆಗಾಕತ್ತೈತಿ," ಎಂದರು. ಆಮೇಲೆ ನನ್ನ ಕಡೆ ಒಮ್ಮೆ ನೋಡಿ, "ಬಾರೋ, ನೀನೂ ಉಣ್ಣ ಬಾ," ಎಂದರು.

ಅವನು ಬರಲಿಲ್ಲ, ಸೈಕಲ್ ತುಳಿದುಕೊಂಡು ಹೋದ. ಸಾಹುಕಾರರು ಇನ್ನೊಂದು ರೊಟ್ಟಿ ಕೇಳಿದರು. ನನ್ನ ಊಟ ಇನ್ನೂ ಅರ್ಧ ಆಗಿತ್ತು, ನಾನು ಏಳಲಿಲ್ಲ. "ಅಕ್ಕಾ, ಸಾವ್ಕಾರ್ರಿಗೆ ರೊಟ್ಟಿ!" ಎಂದು ಕೂತಲ್ಲಿಂದಲೇ ಕೂಗಿದೆ.