ಹುಳದ ಜ್ವರ ನೋಡುವ ಗನ್ನು

ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ನಾನು ಮೋಟಾರು ರಿಪೇರಿಗೆ ಸೇರಿದ್ದ ಹೊಸತು. ಮೋಟಾರು ಬಿಸಿಯಾಗಿದೆಯೇ ಎಂದು ಮುಟ್ಟದೆ ನೋಡಲು ಅಲ್ಲೊಂದು ಗನ್ನು ಇತ್ತು. ಗುಂಡಿ ಒತ್ತಿದರೆ ಕೆಂಪು ಚುಕ್ಕೆ ಬೀಳುತ್ತಿತ್ತು, ಆ ಜಾಗದ ಶಾಖ ಎಷ್ಟೆಂದು ಗನ್ನಿನ ಹಿಂಬದಿಯಲ್ಲಿ ಮೂಡುತ್ತಿತ್ತು. ಒಂದು ಶನಿವಾರ ಅದನ್ನು ಮನೆಗೆ ಒಯ್ಯಲೇ ಎಂದು ಸೂಪರ್‌ವೈಸರರನ್ನು ಕೇಳಿದೆ. ಯಾಕೆ ಎಂದರು. ನಮ್ಮ ಹುಳ ಜ್ವರಕ್ಕೆ ಕೂರೋ ಹೊತ್ತು ಸಾರ್ ಎಂದೆ. ಪಟ್ಟಣದವರು, ಪಾಪ. ರೇಷ್ಮೆಹುಳ ಪೊರೆ ಬಿಡುವ ಮೊದಲು ಮೇವು ಬಿಟ್ಟು ಸುಮ್ಮನಾಗುವುದಕ್ಕೆ ನಾವು ಜ್ವರ ಎನ್ನುತ್ತೇವೆಂದು ಅವರಿಗೇನು ಗೊತ್ತು? ಒಂದೊಂದು ಹುಳಕ್ಕೂ ಹಿಡಿದು ನೋಡುತ್ತೀಯಾ ಎಂದು ಕೇಳಿ, ಕೊಟ್ಟರು.

ನನಗೆ ಬೇಕಿದ್ದದ್ದು ಹುಳದ ಕೋಣೆಗೆ ಚಳಿಗಾಳಿ ಎಲ್ಲಿಂದ ನುಗ್ಗುತ್ತದೆ ಎಂಬುದು. ಅಮ್ಮನ ಹಿಂದಿನ ಎರಡು ಬೆಳೆ ಕೈಕೊಟ್ಟಿದ್ದವು. ಚಳಿ ತಾಗಿದ ಹುಳ ಹಿಂದೆ ಬಿದ್ದು, ಅರ್ಧ ಹುಳ ಜ್ವರಕ್ಕೆ ಕೂತರೆ ಇನ್ನರ್ಧ ಸೊಪ್ಪು ಮೇಯುತ್ತಿದ್ದವು. ಇದೂ ಕೆಟ್ಟರೆ ಕೋಣೆಯನ್ನು ಕಾರ್ಖಾನೆಯವರಿಗೆ ಬಾಡಿಗೆಗೆ ಕೊಡುವುದೇ ಸೈ ಎಂದು ಅಪ್ಪ ಹೇಳಿಬಿಟ್ಟಿದ್ದರು. ಅಮ್ಮ ಎದುರಾಡಲಿಲ್ಲ. ಆದರೆ ಅವತ್ತಿನಿಂದ ಊಟಕ್ಕೂ ಆ ಕೋಣೆಯಲ್ಲೇ ಕೂರತೊಡಗಿದಳು.

ಭಾನುವಾರ ಬೆಳಗ್ಗೆ ಗೋಡೆಗಳ ಮೇಲೆಲ್ಲ ಚುಕ್ಕೆ ಓಡಿಸಿದೆ. ಹಿಂದಿನ ಗೋಡೆಯ ಬುಡದಲ್ಲಿ ಅಂಕಿ ಸರ್ರನೆ ಇಳಿಯಿತು. ಸಿಕ್ಕಿಬಿದ್ದ ಕಳ್ಳ ಎಂದುಕೊಂಡು ಮಣ್ಣು, ಸಗಣಿ ಕಲಸಿ ಮೆತ್ತಿದೆ. ಮಧ್ಯಾಹ್ನ ನೋಡಿದರೆ ಅಂಕಿ ಇನ್ನೂ ಕೆಳಗೆ. ಇನ್ನೊಂದು ಪದರ ಮೆತ್ತಿದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಮ್ಮ ಮೆಲ್ಲಗೆ ಹೇಳಿದಳು.

"ಆ ಕಡೆ ಸೊಪ್ಪಿನ ಗುಡ್ಡೆ ಐತೆ ಕಣಪ್ಪ. ಬಾಡ್ದಂಗೆ ಒದ್ದೆ ಗೋಣಿ ಹೊದ್ಸಿವ್ನಿ."

ಮೊದಲೇ ತಣ್ಣಗಿದ್ದ ಗೋಡೆಗೆ ನಾನು ಇನ್ನಷ್ಟು ಒದ್ದೆ ಮಣ್ಣು ಮೆತ್ತಿದ್ದೆ. ನಾಚಿಕೆಯಾಯಿತು. ಸಿಟ್ಟೂ ಬಂತು, ಅದನ್ನು ಗನ್ನಿನ ಮೇಲೆ ತೀರಿಸಿಕೊಂಡೆ.

ಅಮ್ಮ ನಗು ನುಂಗಿಕೊಂಡು ಹುಳದ ತಟ್ಟೆಗಳನ್ನು ತೋರಿಸಿದಳು. ಮೇಲಿನ ಮೂರು ತಟ್ಟೆಗಳಲ್ಲೂ ಹುಳವೆಲ್ಲ ಒಂದೇ ಮಗ್ಗುಲಿಗೆ ಸರಿದಿದ್ದವು, ಕಿಟಕಿ ಕಡೆಯ ಸೊಪ್ಪು ಹಾಗೇ ಉಳಿದಿತ್ತು. ಆ ಕಿಟಕಿಗೆ ಹಲಗೆ ಹೊಡೆದವರು ಅಪ್ಪ. ಇರುವೆಯೂ ನುಸುಳದ ಹಾಗೆ ಹೊಡೆದಿದ್ದೇನೆ ಎಂದು ಅವರ ಜಂಬ. ಅದನ್ನು ನಂಬಿ ನಾನು ಅತ್ತ ಗನ್ನೇ ತಿರುಗಿಸಿರಲಿಲ್ಲ. ಈಗ ತಿರುಗಿಸಿದೆ. ಹಲಗೆಯ ಅಂಚಿನುದ್ದಕ್ಕೂ ನಾಲ್ಕು ಡಿಗ್ರಿ ಕಡಿಮೆ. ಕೈಯಿಟ್ಟರೆ ತಣ್ಣನೆ ಗಾಳಿ.

ಅಪ್ಪನನ್ನು ಕರೆದೆ. ಗನ್ನು ಕಿತ್ತುಕೊಂಡು ತಾವೇ ಮೂರು ಸಲ ಒತ್ತಿದರು. ಗನ್ನೇ ಕೆಟ್ಟಿರಬಹುದೆಂದು ನನ್ನ ಹಣೆಗೂ ಹಿಡಿದು ನೋಡಿದರು. ಆಮೇಲೆ ತಮ್ಮ ಹಳೇ ಪಂಚೆ ಹರಿದು ಸಂದಿಗೆ ತುರುಕಿದರು.

ಆ ಸಲ ಹುಳವೆಲ್ಲ ಒಟ್ಟಿಗೇ ಜ್ವರಕ್ಕೆ ಕೂತು ಒಟ್ಟಿಗೇ ಎದ್ದವು. ಅದೇ ವಾರ ಕಾರ್ಖಾನೆಗೆ ಹೊಸದಾಗಿ ಸೇರಿದ ಇಬ್ಬರು ಕೋಣೆ ಕೇಳಿಕೊಂಡು ಬಂದರು. ಅಪ್ಪ ಜಗಲಿಯಿಂದ ಏಳಲಿಲ್ಲ.

"ಅದು ನಮ್ಮನೆಯೋಳ್ದು ಕಣ್ರಪ್ಪ, ಅವಳ್ನೇ ಕೇಳಿ," ಎಂದರು.

ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಇಬ್ಬರನ್ನೂ ನೋಡಿದಳು, ಅಪ್ಪನನ್ನೂ ನೋಡಿದಳು, ಕೊಡುವುದಿಲ್ಲ ಎಂದಳು. ಹೊರಗಿನವರೆದುರು ಅವಳು ಮನೆಯ ಒಂದು ವಿಷಯವನ್ನು ತಾನೇ ತೀರ್ಮಾನಿಸಿ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.