ಅಣ್ಣನ ಫೋಟೋದ ದೊಡ್ಡ ಪ್ರತಿ

2022ರಲ್ಲಿ ನಾನು ತುಮಕೂರಿನ ನಮ್ಮ ಮನೆಯಿಂದಲೇ ಸಣ್ಣ ವ್ಯಾಪಾರಿಗಳ ವೆಬ್‌ಸೈಟ್‌ಗಳನ್ನು ನೋಡಿಕೊಳ್ಳುತ್ತಿದ್ದೆ. ಬೀಜದಂಗಡಿ, ಛತ್ರ, ಟ್ಯೂಷನ್ ಸೆಂಟರು, ಎಲ್ಲ ಸೇರಿ ಹದಿನಾಲ್ಕು. ಅದರಲ್ಲಿ ಒಂದು ಗುಬ್ಬಿಯಲ್ಲಿ ಸ್ಟುಡಿಯೋ ಇಟ್ಟಿದ್ದ ನನ್ನ ಅಣ್ಣ ಮಹದೇವನದು. ಆ ಸೈಟಿನ ರಿಪೇರಿ ಚೆನ್ನಾಗಿಯೇ ಆಯಿತು. ಆದರೂ ಮರೆಯಲಾಗದೆ ಉಳಿದಿರುವುದು ಅದೊಂದೇ.

ಅಣ್ಣನ ಹೊಟ್ಟೆಪಾಡು ಮದುವೆ ಫೋಟೋ. ಇಷ್ಟದ ಕೆಲಸ ಬೇರೆ. ಬಿಡುವಾದಾಗ ಬೈಕಿನಲ್ಲಿ ಚೇಳೂರು, ನಿಟ್ಟೂರು ಕಡೆ ಹೋಗಿ ವಯಸ್ಸಾದವರ ಫೋಟೋ ತೆಗೆದು ಸೈಟಿಗೆ ಹಾಕುತ್ತಿದ್ದ. ನಮ್ಮ ಕಡೆ ಒಬ್ಬರು ತೀರಿಕೊಂಡ ಮೇಲೆ ಗೋಡೆಗೆ ಹಾಕಲು ಫೋಟೋ ಹುಡುಕುತ್ತಾರೆ. ಸಿಗುವುದು ಆಧಾರ್ ಕಾರ್ಡಿನದು, ಇಲ್ಲವೇ ಯಾರದೋ ಮದುವೆಯ ಗುಂಪಿನಿಂದ ಕತ್ತರಿಸಿದ್ದು. ಹಾಗಾಗಬಾರದೆಂದು ಅವನ ಹಟ.

ಅಜ್ಜಿಯರಿಗೆ ಇದು ಗೊತ್ತಿತ್ತು. ನಿಟ್ಟೂರಿನ ಗಂಗಜ್ಜಿ, "ಹಾರಕ್ಕೆ ಅಳತೆ ತಗೊಳಕ್ಕೆ ಬಂದೇನ್ಲಾ? ಕೊಡಿಲ್ಲಿ, ಮೊದ್ಲು ನಿಂದು ತೆಗೀತೀನಿ" ಎಂದು ಕ್ಯಾಮೆರಾ ಕಿತ್ತುಕೊಂಡು ಒತ್ತಿದ್ದಳಂತೆ. ಬಾಯಿ ತುಂಬ ನಗುತ್ತಿದ್ದ ಆ ಫೋಟೋವನ್ನು ಅಣ್ಣ ಸೈಟಿನ ಕೊನೆಗೆ ಹಾಕಿಕೊಂಡಿದ್ದ. ತನ್ನ ಮದುವೆಯ ನಂತರ ಅವನದೊಂದು ಸರಿಯಾದ ಫೋಟೋ ಅಂತಿದ್ದರೆ ಅದೊಂದೇ.

ಆ ವರ್ಷ ಆಗಸ್ಟಿನಲ್ಲಿ ಫೋನ್ ಮಾಡಿದ. "ಏನಮ್ಮಾ ಇಂಜಿನಿಯರಮ್ಮ, ಕುಣಿಗಲ್ಲಿಂದ ಒಬ್ರು ಬೈತಾವ್ರೆ. ಮೊಬೈಲಲ್ಲಿ ಸೈಟ್ ತೆಗೆದ್ರೆ ಅವರಪ್ಪನ ಫೋಟೋ ಪೇಟ ತನಕ ಬಂದು ನಿಂತೋಗ್ತದಂತೆ. ಮುಖಾನೇ ಬರಲ್ವಂತೆ."

ನಾನು ಓದಿದ್ದು ಡಿಪ್ಲೊಮಾ. ಇಂಜಿನಿಯರಮ್ಮ ಅನ್ನುವುದು ಅವನ ಚೇಷ್ಟೆ.

"ಒಂದೊಂದು ಫೋಟೋ ಎಂಟೆಂಟು ಎಂಬಿ ಹಾಕಿದ್ರೆ ಇನ್ನೇನಾಗುತ್ತಣ್ಣ?"

"ಸುಕ್ಕು ಕಾಣ್ಬೇಕಲ್ಲಮ್ಮ. ಸುಕ್ಕಿಲ್ದಿದ್ರೆ ಅವರು ನಮ್ಮಜ್ಜಿ ಹೆಂಗಾಗ್ತಾರೆ?"

ಸೈಟಿನ ಸರ್ವರ್ ಇದ್ದದ್ದು ಹೊರದೇಶದಲ್ಲಿ. ಪ್ರತಿ ಫೋಟೋ ಅಲ್ಲಿಂದಲೇ ಬರಬೇಕಿತ್ತು. ನಾನು ಸಿಡಿಎನ್ ಜೋಡಿಸಿದೆ. ಸಿಡಿಎನ್ ಎಂದರೆ ಊರೂರಿನಲ್ಲಿ ಫೋಟೋದ ಪ್ರತಿ ಇಟ್ಟುಕೊಂಡು, ಕೇಳಿದವರಿಗೆ ಹತ್ತಿರದಿಂದ ಕೊಡುವ ಕಂಪ್ಯೂಟರ್‌ಗಳ ಜಾಲ. ತೆಂಗಿನಕಾಯಿ ಬೇಕಾದಾಗ ತೋಟಕ್ಕೇ ಹೋಗದೆ ಬೀದಿ ತುದಿಯ ಅಂಗಡಿಯಲ್ಲಿ ತಂದ ಹಾಗೆ. ಒಂದು ವಾರ ದೊಡ್ಡ ಫೋಟೋಗಳನ್ನು ಹಾಗೇ ಇಟ್ಟು ನೋಡಿದೆ. ಮೊಬೈಲಿಗೆ ಇನ್ನೂ ಭಾರವಾಗುತ್ತಿತ್ತು. ಆಮೇಲೆ ಎಲ್ಲವನ್ನೂ ನಾನೂರು ಪಿಕ್ಸೆಲ್ ಅಗಲಕ್ಕೆ ಇಳಿಸಿದೆ. ಕುಣಿಗಲ್ಲಿನವರು, "ಬೆರಳು ಎತ್ತೋದ್ರೊಳಗೆ ಅಪ್ಪ ಬಂದ್ರು ಕಣಮ್ಮ" ಎಂದರು. ಆ ಮಾತಿಗೆ ನಾನು ಉಬ್ಬಿಹೋದೆ.

ಸರ್ವರಿನಲ್ಲಿ ಜಾಗ ತುಂಬುತ್ತಾ ಬಂದಿತ್ತು. ಅದೇ ಉತ್ಸಾಹದಲ್ಲಿ ದೊಡ್ಡ ಫೋಟೋಗಳನ್ನೆಲ್ಲ ಅಳಿಸಿದೆ. ಹಳೇ ನೆಗೆಟಿವ್‌ಗಳನ್ನೂ ಬಿಸ್ಕತ್ತಿನ ಡಬ್ಬಿಯಲ್ಲಿ ಕಾಪಾಡಿಕೊಂಡವನು ಅಣ್ಣ. ಅಸಲು ಅವನ ಹತ್ತಿರ ಇದ್ದೇ ಇರುತ್ತದೆ ಎಂದುಕೊಂಡೆ. ಕೇಳಲಿಲ್ಲ. ಗುಬ್ಬಿ ಇಲ್ಲಿಗೆ ಅರ್ಧ ಗಂಟೆಯ ದಾರಿ.

2024ರ ಡಿಸೆಂಬರಿನಲ್ಲಿ ಅಣ್ಣ ಹೃದಯಾಘಾತದಿಂದ ತೀರಿಕೊಂಡ. ಐವತ್ತೊಂದು ವರ್ಷ. ಹನ್ನೊಂದನೇ ದಿನದ ಕಾರ್ಯಕ್ಕೆ ಫೋಟೋ ಬೇಕಿತ್ತು.

"ಗಂಗಜ್ಜಿ ತೆಗ್ದಿದ್ದು ಐತಲ್ಲ, ಅದನ್ನೇ ದೊಡ್ಡದು ಮಾಡ್ಸು" ಅಂದರು ಅತ್ತಿಗೆ.

"ಸೈಟಲ್ಲಿರೋದು ಚಿಕ್ಕದು ಅತ್ತಿಗೆ. ಅಣ್ಣನ ಹಾರ್ಡ್‌ಡಿಸ್ಕ್ ಕೊಡಿ."

ಅತ್ತಿಗೆ ನನ್ನ ಮುಖ ನೋಡಿದರು. "ಅದ್ನ ಅಳ್ಸಿ ಮದುವೆ ವಿಡಿಯೋ ತುಂಬ್ಕೊಂಡ್ರಲ್ಲಮ್ಮ. ಯಾಕ್ರೀ ಅಂದ್ರೆ, ನನ್ ತಂಗಿ ಹತ್ರ ಎಲ್ಲಾ ಭದ್ರವಾಗೈತೆ ಬುಡು ಅಂದ್ರು."

ಸಿಡಿಎನ್‌ನಲ್ಲಿ ಆ ಮೊದಲ ವಾರದ ದೊಡ್ಡ ಪ್ರತಿ ಎಲ್ಲಾದರೂ ಉಳಿದಿರಬಹುದೇ ಎಂದು ಹಳೇ ವಿಳಾಸಗಳನ್ನೆಲ್ಲ ಹಾಕಿ ನೋಡಿದೆ. ಇರುವುದಿಲ್ಲವೆಂದು ಗೊತ್ತಿದ್ದೂ ನೋಡಿದೆ. ಯಾರೂ ಕೇಳದ ಪ್ರತಿಯನ್ನು ಸಿಡಿಎನ್ ಕೆಲವೇ ದಿನಗಳಲ್ಲಿ ಕೈಬಿಡುತ್ತದೆ. ಅಣ್ಣನ ಫೋಟೋವನ್ನು ಯಾರು ಕೇಳಿದ್ದರು? ಮರ ಕಡಿದವಳು ನಾನು. ಅಂಗಡಿಯಲ್ಲಿ ಕಾಯಿ ಹುಡುಕುತ್ತಿದ್ದೆ.

ಫ್ರೇಮಿನ ಅಂಗಡಿಯವರು ಚಿಕ್ಕ ಫೋಟೋ ನೋಡಿ, "ಎಳೆದ್ರೆ ಮುಖ ಒಡೆದೋಗ್ತದಮ್ಮ. ಇಷ್ಟೇ ಇರ್ಲಿ, ಸುತ್ತ ಬಿಳೀ ಕಾಗದ ಕೊಡ್ತೀನಿ" ಎಂದರು.

ಚೇಳೂರು, ನಿಟ್ಟೂರಿನವರು ಈಗಲೂ ಸ್ಟುಡಿಯೋಗೆ ಬಂದು ತಮ್ಮವರ ದೊಡ್ಡ ಫೋಟೋ ಕೇಳುತ್ತಾರೆ. ಅತ್ತಿಗೆ ನನ್ನ ಹೆಸರು ಹೇಳುವುದಿಲ್ಲ. "ಕಂಪ್ಯೂಟರ್ ಕೆಟ್ಟೋಯ್ತು" ಅನ್ನುತ್ತಾರೆ. ಬೈದಿದ್ದರೆ ಹಗುರವಾಗುತ್ತಿತ್ತೇನೋ.

ಈಗ ಯಾರ ಸೈಟು ಮುಟ್ಟುವ ಮೊದಲೂ ನಾನೇ ಹೋಗಿ ಅಸಲು ಎಲ್ಲಿದೆ ಎಂದು ಕೇಳಿ, ತೆರೆಸಿ, ಕಣ್ಣಾರೆ ನೋಡುತ್ತೇನೆ. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ. ಕಲಿತದ್ದು ತಡವಾಗಿ.

ಗುಬ್ಬಿಯ ಮನೆಯಲ್ಲಿ ದೊಡ್ಡ ಫ್ರೇಮಿನ ನಡುವೆ ಅಂಗೈಯಗಲ ಅಣ್ಣ ನಗುತ್ತಿದ್ದಾನೆ. ಬಾಗಿಲಲ್ಲಿ ನಿಂತರೆ ಬರೀ ಬಿಳಿ ಕಾಣುತ್ತದೆ. ಬಂದವರು ಗೋಡೆಯ ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿ ನೋಡುತ್ತಾರೆ. ನಾನೂ ಹಾಗೇ ನೋಡುತ್ತೇನೆ. ಎಷ್ಟು ಹತ್ತಿರ ಹೋದರೂ ಅವನ ಕಣ್ಣಂಚಿನ ಸುಕ್ಕು ಕಾಣುವುದಿಲ್ಲ.