ಪಟ್ಟಿಯಲ್ಲಿ ನನಗಿಂತ ಒಂದು ಸಾಲು ಮೇಲೆ

ದಿನಗೂಲಿಗೆ ಜನ ಕಳಿಸುವ ಏಜೆನ್ಸಿಯವರ ಮೆಸೇಜು ಬೆಳಗ್ಗೆ ಐದೂವರೆಗೆ ಬರುತ್ತದೆ. ಇವತ್ತು ಬಾ, ಇಲ್ಲವೇ ಇವತ್ತು ಬೇಡ, ಅಷ್ಟೆ. ಬಾ ಅಂದ ದಿನ ಟೊರೊಂಟೊ ಹತ್ತಿರದ ಬ್ರಾಂಪ್ಟನ್ನಿನ ಗೋಡೌನಿಗೆ ಹೋಗಿ ಇನ್ನೊಂದಷ್ಟು ಜನರ ಜೊತೆ ಬಾಗಿಲ ಹತ್ತಿರ ನಿಲ್ಲುತ್ತೇನೆ. ನನ್ನ ಮಗಳಿಗಿಂತ ಒಂದೆರಡು ವರ್ಷ ದೊಡ್ಡವನಿರಬಹುದಾದ ಸೂಪರ್‌ವೈಸರ್ ಹೊರಗೆ ಬಂದು, ನೀನು, ನೀನು, ಆ ನೀಲಿ ಟೋಪಿ, ಎಂದು ಬೆರಳು ತೋರಿಸುತ್ತಾನೆ. ಬೆರಳು ನನ್ನನ್ನು ದಾಟಿ ಹೋದರೆ ಬಂದ ಬಸ್ಸಿನಲ್ಲೇ ವಾಪಸ್ಸು. ನನಗೀಗ ಐವತ್ತಮೂರು. ದಾವಣಗೆರೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೆ ಎಂಬ ಮಾತು ಇಲ್ಲಿ ಯಾರಿಗೂ ಬೇಕಿಲ್ಲ, ಹೇಳಿ ಹೇಳಿ ನನಗೂ ಸಾಕಾಗಿದೆ.

ಇದಕ್ಕೆ ಮೊದಲು ಹನ್ನೆರಡು ವರ್ಷ ಮಾಲ್ಟನ್ನಿನಲ್ಲಿ, ವಿಮಾನಗಳಿಗೆ ಊಟ ಕಟ್ಟಿ ಕಳಿಸುವ ಒಂದು ಅಡುಗೆಮನೆಯಲ್ಲಿದ್ದೆ. ಅಡುಗೆಮನೆ ಎಂದರೆ ಒಲೆ ಒಗ್ಗರಣೆ ಅಂದುಕೊಳ್ಳಬೇಡಿ. ದೊಡ್ಡ ಫ್ರಿಜ್ಜಿನೊಳಗೇ ನಿಂತಷ್ಟು ಚಳಿಯ ಹಜಾರ, ದಪ್ಪ ಜಾಕೀಟು, ತಲೆಗೆ ಬಲೆ, ಮುಂದೆ ಸಾಗುವ ಬೆಲ್ಟು. ಒಬ್ಬಳು ಬನ್ನು ಇಡಬೇಕು, ಒಬ್ಬಳು ಬೆಣ್ಣೆ, ಒಬ್ಬಳು ಮುಚ್ಚಳ. ಆದರೆ ಅಲ್ಲಿ ಬೆರಳು ತೋರಿಸುವವರಿರಲಿಲ್ಲ. ಯೂನಿಯನ್ ಇತ್ತು, ಊಟದ ಕೋಣೆಯ ಗೋಡೆ ಮೇಲೆ ಸೀನಿಯಾರಿಟಿ ಲಿಸ್ಟ್ ಇತ್ತು. ಮೊದಲು ಸೇರಿದವರ ಹೆಸರು ಮೇಲೆ, ಆಮೇಲೆ ಸೇರಿದವರದು ಕೆಳಗೆ. ಯಾವ ವಾರ ರಜೆ, ಯಾರಿಗೆ ಯಾವ ಶಿಫ್ಟು, ಜನ ಕಮ್ಮಿ ಮಾಡುವಾಗ ಮನೆಗೆ ಹೋಗುವವರು ಯಾರು, ಎಲ್ಲವನ್ನೂ ಆ ಹಾಳೆಯೇ ತೀರ್ಮಾನಿಸುತ್ತಿತ್ತು.

ನಾನು ಸೇರಿದ ದಿನವೇ ಇನ್ನೊಬ್ಬ ಕನ್ನಡದವರೂ ಸೇರಿದರು. ಕುಂದಾಪುರದ ಕಡೆಯವರು, ನನಗಿಂತ ಹನ್ನೊಂದು ವರ್ಷ ದೊಡ್ಡವರು, ಗಂಡ ಇಲ್ಲ, ಮಗ ಕರೆಸಿಕೊಂಡಿದ್ದ. ಅವರನ್ನು ಮೊದಲ ಗಂಟೆಯಿಂದಲೇ ಅಕ್ಕ ಅಂದೆ. ಊಟದ ಹೊತ್ತಿಗೆ ಯೂನಿಯನ್ನಿನ ಸ್ಟೀವರ್ಡ್ ಬಂದಳು. ಸ್ಟೀವರ್ಡ್ ಎಂದರೆ ನಮ್ಮ ಜೊತೆಯೇ ಬೆಲ್ಟಿನಲ್ಲಿ ನಿಲ್ಲುವವಳು, ನಮ್ಮ ಪರವಾಗಿ ಮ್ಯಾನೇಜರ ಹತ್ತಿರ ಜಗಳಕ್ಕೂ ನಿಲ್ಲುವವಳು. ಪೋರ್ಚುಗಲ್ಲಿನಿಂದ ಹುಡುಗಿಯಾಗಿದ್ದಾಗ ಬಂದಿದ್ದ ಮುದುಕಿ. ತಲೆಬಲೆಗಳ ಖಾಲಿ ಡಬ್ಬಿಯಲ್ಲಿ ಎರಡು ಚೀಟಿ ಮಡಚಿ ಹಾಕಿ ನಮ್ಮ ಮುಂದೆ ಹಿಡಿದು, ಒಂದೊಂದು ತೆಗೆಯಿರಿ ಎಂದಳು. ಏನೇನೋ ವಿವರಿಸಿದಳು, ಅವಳ ಇಂಗ್ಲಿಷು ನನಗೆ, ನನ್ನ ಇಂಗ್ಲಿಷು ಅವಳಿಗೆ, ಎರಡೂ ಕಷ್ಟವೇ. ಡಿಸೆಂಬರ್ ತಿಂಗಳು ಬೇರೆ. ಹಬ್ಬಕ್ಕೆ ಏನೋ ಲಾಟರಿ ಇರಬೇಕು, ಗೆದ್ದವರಿಗೆ ಒಂದು ಟರ್ಕಿ ಕೋಳಿ ಕೊಡುತ್ತಾರೇನೋ, ನಾವಿಬ್ಬರೂ ತಿನ್ನುವುದಿಲ್ಲವಲ್ಲ ಅಂತ ನನಗೆ ನಗು.

ಡಬ್ಬಿ ನನ್ನ ಕಡೆಗೇ ಮೊದಲು ಬಂದಿತ್ತು. ನಾನು ಕೈ ಹಿಂದೆಗೆದು, "ನೀವು ದೊಡ್ಡೋರು ಅಕ್ಕ, ನೀವೇ ಮೊದ್ಲು ತೆಗೀರಿ" ಅಂದೆ. ಮೇಲಿದ್ದ ಚೀಟಿಯನ್ನು ಅವರು ತೆಗೆದರು. ಅವರ ಚೀಟಿಯಲ್ಲಿ ಒಂದು ಅಂತ ಬರೆದಿತ್ತು, ನನ್ನದರಲ್ಲಿ ಎರಡು. ಒಂದೇ ದಿನ ಸೇರಿದವರಲ್ಲಿ ಹಿರಿಯರು ಯಾರು ಅಂತ ಕೊನೇತನಕ ತೀರ್ಮಾನ ಮಾಡುವ ಚೀಟಿ ಅದು ಅಂತ ತಿಳಿಯುವಷ್ಟರಲ್ಲಿ ಲಿಸ್ಟು ಟೈಪಾಗಿ ಗೋಡೆ ಸೇರಿತ್ತು. ಮನೆಗೆ ಬಂದು ಹೇಳಿದರೆ ಮಗಳು, "ಸೋ ಯು ಜಸ್ಟ್ ಗೇವ್ ಇಟ್ ಅವೇ, ಅಮ್ಮ?" ಅಂದಳು. ಆಗ ಅವಳಿಗೆ ಹನ್ನೊಂದು ವರ್ಷ.

ಮೂರು ವರ್ಷವಾದ ಮೇಲೆ ಬೆಳಗಿನ ಶಿಫ್ಟಿನಲ್ಲಿ ಒಂದೇ ಒಂದು ಜಾಗ ಖಾಲಿಯಾಯಿತು. ಸರದಿ ಅಕ್ಕನದು, ತಗೊಂಡರು. ನಾನು ಮಧ್ಯಾಹ್ನದ ಶಿಫ್ಟಿನಲ್ಲೇ ಉಳಿದೆ. ಮಗಳು ಸ್ಕೂಲಿಂದ ಬರುವಾಗ ನಾನು ಮನೆಯಲ್ಲಿಲ್ಲ, ನಾನು ಬರುವಾಗ ಅವಳು ರೂಮಿನ ಬಾಗಿಲು ಹಾಕಿಕೊಂಡಿರುತ್ತಿದ್ದಳು. ಅವಳ ಹೈಸ್ಕೂಲು ಹಾಗೇ ಮುಗಿದುಹೋಯಿತು. ಅಕ್ಕನ ಮೇಲೆ ಸಿಟ್ಟಿತ್ತೇ ಎಂದರೆ, ಇರಲಿಲ್ಲ ಅಂತ ಸುಳ್ಳು ಹೇಳಲಾರೆ. ಆದರೂ ಎರಡೂವರೆಗೆ ಶಿಫ್ಟು ಬದಲಾಗುವಾಗ ಹತ್ತು ನಿಮಿಷ ಸಿಗುತ್ತಿದ್ದರು, ಡಬ್ಬಿಯಲ್ಲಿ ಏನಾದರೂ ಕೊಡುತ್ತಿದ್ದರು, ಆ ಹತ್ತು ನಿಮಿಷದ ಕನ್ನಡಕ್ಕೆ ನಾನು ದಿನವೂ ಬೇಗ ಹೋಗುತ್ತಿದ್ದೆ.

ಒಮ್ಮೆ ಆ ಲಿಸ್ಟನ್ನು ಬೈದಾಗ ಸ್ಟೀವರ್ಡ್ ನನ್ನನ್ನು ಯೂನಿಯನ್ನಿನ ಪುಟ್ಟ ಕೋಣೆಗೆ ಕರೆದುಕೊಂಡು ಹೋದಳು. ಯೂನಿಯನ್ನಿನ ಹೆಡ್ಡಾಫೀಸು ಅಮೆರಿಕದಲ್ಲಿ, ಅಲ್ಲಿಂದ ಬಂದ ಹಳೇ ಕಪ್ಪುಬಿಳುಪು ಫೋಟೋಗಳು ಗೋಡೆ ಮೇಲಿದ್ದವು. ಉದ್ದ ಲಂಗದ ಹೆಂಗಸರು ಹಿಮದಲ್ಲಿ ಬೋರ್ಡು ಹಿಡಿದು ನಿಂತಿದ್ದರು. ಹಡಗಿನಲ್ಲಿ ಬಂದವರಂತೆ, ಹೊಲಿಗೆ ಕಾರ್ಖಾನೆಯವರಂತೆ. ಬೋರ್ಡಿನ ಮೇಲೆ ಒಂದೊಂದು ಭಾಷೆ. ನಿಂತು ನಿಂತು ಸೊಂಟ ಹಿಡಿದ ಹೆಂಗಸರು ಭಾರವನ್ನು ಒಂದು ಕಾಲಿಂದ ಇನ್ನೊಂದಕ್ಕೆ ಬದಲಿಸುತ್ತಾರಲ್ಲ, ಅದು ಮಾತ್ರ ನನಗೆ ಚೆನ್ನಾಗಿ ಗುರುತು ಸಿಕ್ಕಿತು.

ಸ್ಟೀವರ್ಡ್ ತನ್ನ ತಾಯಿಯ ಕಥೆ ಹೇಳಿದಳು. ಟೊರೊಂಟೊದಲ್ಲಿ ತಾಯಿ ಕೆಲಸ ಮಾಡುತ್ತಿದ್ದ ಕಡೆ ಲಿಸ್ಟು ಇರಲಿಲ್ಲ, ಫೋರ್‌ಮನ್ ಇದ್ದ. ಅವನ ಮನೆಗೆ ಹಿತ್ತಲ ಟೊಮ್ಯಾಟೊ ಹೋಗಬೇಕಿತ್ತು, ಭಾನುವಾರ ಅವನ ಹುಲ್ಲು ಕತ್ತರಿಸಲು ಯಾರದೋ ಗಂಡ ಹೋಗಬೇಕಿತ್ತು. ಅವನು ನಗಿಸಿದರೆ ಹೆಂಗಸರು ನಗಬೇಕಿತ್ತು. ಚಳಿಗಾಲದಲ್ಲಿ ತಾಯಿ, ಜೊತೆಯ ಹೆಂಗಸರು ಎಲ್ಲ ಕೆಲಸ ನಿಲ್ಲಿಸಿ ಬೀದಿಯಲ್ಲಿ ನಿಂತದ್ದು ಈ ಒಂದು ಹಾಳೆಗಾಗಿ. "ಈ ಹಾಳೆಗೆ ಕಣ್ಣಿಲ್ಲ. ಅದಕ್ಕೇ ನನಗೆ ಇಷ್ಟ" ಅಂದಳು. ನಾನು ತಲೆಯಾಡಿಸಿದೆ. ಕಾಲು ನೋಯುತ್ತಿತ್ತು, ಬೇಗ ಕೂತರೆ ಸಾಕಾಗಿತ್ತು.

ಹೋದ ವರ್ಷ ಒಂದು ದೊಡ್ಡ ವಿಮಾನ ಕಂಪನಿ ತನ್ನ ಊಟದ ಗುತ್ತಿಗೆಯನ್ನು ಬೇರೆ ಕಡೆಗೆ ಕೊಟ್ಟಿತು. ನಮ್ಮಲ್ಲಿ ಜನ ಕಮ್ಮಿ ಮಾಡುತ್ತಾರೆ ಎಂದಾಯಿತು. ಲಿಸ್ಟಿನ ಮೇಲೆ ಕೆಂಪು ಗೆರೆ ಬಿತ್ತು. ಗೆರೆಯ ಮೇಲೆ ಕೊನೆಯ ಹೆಸರು ಅಕ್ಕನದು, ಕೆಳಗೆ ಮೊದಲ ಹೆಸರು ನನ್ನದು.

ನನ್ನ ಗಂಡನ ಎದೆಯ ಔಷಧಿಗಳು ನನ್ನ ಕೆಲಸದ ಇನ್ಶೂರೆನ್ಸಿನಲ್ಲಿ ಬರುತ್ತಿದ್ದವು. ಇನ್ನೆಲ್ಲಿ ಸೇರಿದರೂ ಹನ್ನೆರಡು ವರ್ಷ ಅಳಿಸಿಹೋಗಿ ಮತ್ತೆ ತಳದಿಂದ ಶುರು. ಆದರೆ ಯೂನಿಯನ್ನಿನ ಒಪ್ಪಂದದಲ್ಲಿ ಒಂದು ದಾರಿ ಇತ್ತು. ಮೇಲಿನವರು ಯಾರಾದರೂ ತಾವಾಗಿಯೇ ಲೇಆಫ್ ತಗೊಂಡರೆ ಕೆಳಗಿನ ಒಬ್ಬರು ಉಳಿಯಬಹುದು. ಅಕ್ಕನಿಗೆ ಅರವತ್ತಮೂರು, ಎರಡೂ ಮೊಣಕಾಲು ಹೋಗಿವೆ, ಮಗ ಒಳ್ಳೆ ಕೆಲಸದಲ್ಲಿದ್ದಾನೆ. ಸ್ಟೀವರ್ಡನ್ನು ಕೇಳಿದೆ, ನೀನೊಂದು ಮಾತು ಹೇಳು ಎಂದು. ಅವಳು ಹೇಳಲಿಲ್ಲ. ಯಾರ ಮೇಲೂ ಒತ್ತಾಯ ತರುವಂತಿಲ್ಲ ಅಂದಳು. ಹಾಗಾಗಿ ಭಾನುವಾರ ನಾನೇ ಸ್ಟ್ರೀಟ್ಸ್‌ವಿಲ್ಲಿಗೆ, ಅಕ್ಕನ ಮಗನ ಮನೆಗೆ ಹೋದೆ. ಹೋಗುವಾಗ ಕೋಡುಬಳೆ ಮಾಡಿಕೊಂಡು ಹೋದೆ. ಬಸ್ಸಿನಲ್ಲಿ ಆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಾಗ ಫೋರ್‌ಮನ್‌ನ ಟೊಮ್ಯಾಟೊ ನೆನಪಾಯಿತು, ಆದರೂ ಇಳಿದು ವಾಪಸ್ಸು ಬರಲಿಲ್ಲ.

ಬಾಗಿಲು ತೆಗೆದಾಗ ಅಕ್ಕನ ಸೊಂಟದ ಮೇಲೊಂದು ಮಗು, ಸೆರಗು ಹಿಡಿದು ಇನ್ನೊಂದು. ಮಗ ಸೊಸೆ ಹೊರಗೆ ಹೋಗಿದ್ದರು. "ನೀನು ಎಂತಕ್ಕೆ ಬಂದದ್ದು ಅಂತ ನಂಗೆ ಗೊತ್ತುಂಟು. ಬಾ, ಕೂತ್ಕೋ" ಅಂದರು.

ನಾನು ಸುತ್ತುಬಳಸಲಿಲ್ಲ. "ಅಕ್ಕ, ಹೇಗೂ ಇನ್ನೆರಡು ವರ್ಷಕ್ಕೆ ಬಿಡೋರು ನೀವು. ಈಗ್ಲೇ ಲೇಆಫ್ ತಗೊಂಡ್ರೆ ನನ್ನ ಕೆಲ್ಸ ಉಳಿಯುತ್ತೆ. ನಿಮ್ಮ ಕಾಲು ಹಿಡ್ಕೊಂಡು ಕೇಳ್ತೀನಿ."

"ಇಲ್ಲ ಮಾರಾಯ್ತಿ. ಅದು ನನ್ನಿಂದ ಆಗುದಿಲ್ಲ."

ಇಲ್ಲ ಎಂಬ ಮಾತು ಅವರ ಬಾಯಿಂದ ಅಷ್ಟು ಸಲೀಸಾಗಿ ಬರಬಹುದು ಅಂತ ನಾನು ಅಂದುಕೊಂಡಿರಲಿಲ್ಲ. ಆ ಸಾಲು ನಿಮಗೆ ಸಿಕ್ಕಿದ್ದೇ ನಾನು ಬಿಟ್ಟುಕೊಟ್ಟಿದ್ದಕ್ಕೆ ಅಂದುಬಿಟ್ಟೆ. ಹನ್ನೆರಡು ವರ್ಷ ನುಂಗಿಕೊಂಡಿದ್ದ ಮಾತು.

"ಹೌದು" ಅಂದರು. "ಆದ್ರೂ ಇಲ್ಲ."

ಮಗುವನ್ನು ಕೆಳಗಿಳಿಸಿ ಅವರು ಕೂರಲು ಹೋದರು. ಅಷ್ಟರಲ್ಲಿ ದೊಡ್ಡದು ಹಾಲು ಚೆಲ್ಲಿತು. ಎದ್ದು ಒರೆಸಿದರು, ಮತ್ತೆ ಕೂತರು, ಸಣ್ಣದು ಅತ್ತಿತು, ಮತ್ತೆ ಎದ್ದರು. ನಿಂತುಕೊಂಡೇ ಹೇಳಿದರು.

"ನಾನು ಕೆಲಸ ಬಿಟ್ರೆ ಇವರನ್ನು ಡೇಕೇರಿಂದ ಬಿಡಿಸುದು ಅಂತ ಆಗ್ಲೇ ಮಾತಾಗಿದೆ. ಅಡುಗೆ ಹೇಗೂ ನನ್ನದೇ. ಮಗ ಸೊಸೆ ಕೆಟ್ಟವರಲ್ಲ, ಹಾಗೆ ನಾನು ಹೇಳುದಿಲ್ಲ. ಆದ್ರೆ ಅಲ್ಲಿ ನಂಗೆ ಬ್ರೇಕ್ ಉಂಟು. ಹದಿನೈದು ನಿಮಿಷ ಕಾಲು ಚಾಚಿ ಕೂತ್ರೆ ಯಾರೂ ಎಬ್ಬಿಸುದಿಲ್ಲ. ಎಬ್ಬಿಸಿದ್ರೆ ಕೇಳ್ಲಿಕ್ಕೆ ಸ್ಟೀವರ್ಡ್ ಇದ್ದಾಳೆ. ಇಲ್ಲಿ ನನ್ನ ಪರವಾಗಿ ಕೇಳ್ಲಿಕ್ಕೆ ಯಾರುಂಟು, ನೀನೇ ಹೇಳು."

ಚಹಾ ಕುಡಿಯದೆ ಎದ್ದು ಬಂದೆ. ಯಾರಿಗೂ ಹೆದರದೆ, ಯಾರ ಋಣಕ್ಕೂ ಬಗ್ಗದೆ ಒಬ್ಬ ಮುದುಕಿ ಇಲ್ಲ ಅನ್ನುವುದಕ್ಕಾಗಿಯೇ ಆ ಫೋಟೋದ ಹೆಂಗಸರು ಹಿಮದಲ್ಲಿ ನಿಂತದ್ದು ಅಂತ ಬಸ್ಸಿನಲ್ಲಿ ಹೊಳೆಯಿತು. ಹೊಳೆದರೇನು ಬಂತು, ಕೆಲಸ ಹೋದದ್ದು ನನ್ನದು.

ಕೊನೆಯ ದಿನ ಜಾಕೀಟು, ಕಾರ್ಡು, ಲಾಕರಿನ ಬೀಗ ವಾಪಸ್ಸು ಕೊಡಲು ಬೆಳಗ್ಗೆಯೇ ಹೋಗಿದ್ದೆ. ಕೊಟ್ಟು, ಸಹಿ ಹಾಕಿ ಹೊರಗೆ ಬರುವಾಗ ಊಟದ ಕೋಣೆಯ ಗಾಜಿನ ಬಾಗಿಲಿನಿಂದ ಅಕ್ಕ ಕಂಡರು. ಒಬ್ಬರೇ ಇದ್ದರು. ಬೂಟು ಬಿಚ್ಚಿ, ಬೋರಲು ಹಾಕಿದ ಹಾಲಿನ ಕ್ರೇಟಿನ ಮೇಲೆ ಎರಡೂ ಕಾಲು ಚಾಚಿ, ಗೋಡೆಗೆ ತಲೆ ಒರಗಿಸಿ ಕಣ್ಣು ಮುಚ್ಚಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ನನಗೆ ಅವರ ಮೇಲಿನ ಸಿಟ್ಟು ಆಗಲೂ ಇಳಿದಿರಲಿಲ್ಲ, ಈಗಲೂ ಪೂರ್ತಿ ಇಳಿದಿಲ್ಲ. ಆದರೂ ಹೋಗಿಬರ್ತೀನಿ ಅಕ್ಕ ಅಂತ ಒಂದು ಮಾತು ಹೇಳಬೇಕೆಂದು ಬಾಗಿಲ ಹಿಡಿಯ ಮೇಲೆ ಕೈ ಇಟ್ಟೆ. ಗಡಿಯಾರ ನೋಡಿದೆ. ಅವರ ಬ್ರೇಕ್ ಮುಗಿಯಲು ಇನ್ನೂ ಆರು ನಿಮಿಷ ಇತ್ತು. ಎಬ್ಬಿಸಲಿಲ್ಲ.